ಯುದ್ಧ ನಿಂತ ಊರಲ್ಲಿ ಮತ್ತೆ ಬೇಸಾಯ ಶುರು ಮಾಡೋದು ಹೇಗೆ? ಬೀಜಕ್ಕಿಂತ ಮುಂಚೆ ನೋಡ್ಬೇಕಾದ ಕೆಲಸಗಳು

ಗಲಾಟೆ ನಿಂತು ಜನ ಊರಿಗೆ ವಾಪಸ್ ಬರೋಕೆ ಶುರುವಾದ್ರೆ ಸಹಾಯ ಮಾಡೋರಿಗೆಲ್ಲ ಮೊದ್ಲು ನೆನಪಾಗೋದು ಬೀಜ. ಎಲ್ಲಿಂದಲೋ ಬೀಜ ತರಿಸಿ ಮನೆಮನೆಗೂ ಒಂದೊಂದು ಚೀಲ ಹಂಚಿಬಿಡ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ಬೀಜ ಬೇಕು ನಿಜ, ಆದ್ರೆ ಕಾಲಿಡೋಕೆ ಹೆದರಿಕೆ ಇರೋ ಹೊಲಕ್ಕೆ, ಯಾರದ್ದು ಅಂತ ಜಗಳ ಇರೋ ಹೊಲಕ್ಕೆ, ಹಸಿದ ಮನೆಗೆ ಹೋದ ಬೀಜ ಬೆಳೆ ಆಗಲ್ಲ. ನೀವು ಊರಿನ ಕಮಿಟಿಲಿ ಇರಿ, ಯಾವ್ದಾದ್ರೂ ಸಂಸ್ಥೆ ಜೊತೆ ಕೆಲಸ ಮಾಡ್ತಿರಿ, ಮೊದ್ಲು ಇದನ್ನೆಲ್ಲ ನೋಡ್ಕೊಳ್ಳಿ.

ಮೊದಲನೇದು ನೆಲ. ಹೊಲದಲ್ಲಿ ನೆಲಬಾಂಬು, ಸಿಡಿಯದೆ ಉಳಿದ ಶೆಲ್ಲು ಇರಬಹುದಾ ಅಂತ ತಿಳ್ಕೊಳ್ದೆ ಉಳುಮೆ ಮಾತೇ ಬೇಡ. ಊರಲ್ಲೇ ಉಳಿದಿದ್ದೋರನ್ನ, ದನ ಕಾಯೋರನ್ನ, ಸೌದೆಗೆ ಹೋಗೋ ಹೆಂಗಸರನ್ನ ಕೂರಿಸಿ ಕೇಳಿ: ಸೈನಿಕರು ಎಲ್ಲಿ ಬಿಡಾರ ಹಾಕಿದ್ರು, ಯಾವ ದಾರಿ ಈಗ ಯಾರೂ ಬಳಸ್ತಿಲ್ಲ, ಎಲ್ಲಿ ದನ ಸತ್ತಿತ್ತು. ಚೆನ್ನಾಗಿರೋ ದಾರಿಲಿ ಹುಲ್ಲು ಎದೆಮಟ್ಟ ಬೆಳೆದಿದೆ ಅಂದ್ರೆ ಜನ ಅದನ್ನ ಬಿಟ್ಟಿರೋದಕ್ಕೆ ಏನೋ ಕಾರಣ ಇದೆ. ಅನುಮಾನ ಬಂದ ಕಡೆ ನಿಂತುಬಿಡಿ, ಏನನ್ನೂ ಮುಟ್ಟಬೇಡಿ, ಎಳೀಬೇಡಿ, ಬೆಂಕಿ ಹಾಕಿ ಸುಡಬೇಡಿ, ದೂರದಿಂದ್ಲೇ ಗುರುತು ಮಾಡಿ ಬಾಂಬು ತೆಗೆಯೋ ತಂಡಕ್ಕೆ ತಿಳಿಸಿ. ಇದು ಬೇಗ ಮುಗಿಯೋ ಕೆಲಸ ಅಲ್ಲ. ಮೊಜಾಂಬಿಕ್‌ನಲ್ಲಿ 1992ಕ್ಕೆ ಯುದ್ಧ ನಿಲ್ತು, ಗೊತ್ತಿರೋ ನೆಲಬಾಂಬೆಲ್ಲ ತೆಗೆದಾಯ್ತು ಅಂತ ಘೋಷಣೆ ಆಗಿದ್ದು 2015ರಲ್ಲಿ. ಅಷ್ಟು ವರ್ಷ ಕಾಯೋಕಾಗಲ್ವಲ್ಲ, ಅದಕ್ಕೇ ಸೇಫ್ ಅಂತ ಖಾತ್ರಿ ಆದ ಜಮೀನಷ್ಟನ್ನೇ ಮೊದ್ಲು ಪಟ್ಟಿ ಮಾಡಿ, ಈ ಹಂಗಾಮಿಗೆ ಅಷ್ಟಕ್ಕೇ ಪ್ಲ್ಯಾನ್ ಮಾಡಿ.

ಎರಡನೇದು ಯಾರ ಜಮೀನು ಅನ್ನೋದು. ಓಡಿಹೋದೋರು ವಾಪಸ್ ಬಂದಾಗ ಅವರ ಹೊಲದಲ್ಲಿ ಇನ್ನೊಬ್ರು ಉಳ್ತಾ ಇರ್ತಾರೆ, ಅವರೂ ಬೇರೆ ಕಡೆಯಿಂದ ಓಡಿಬಂದೋರೇ ಆಗಿರ್ತಾರೆ, ಕಾಗದ ಪತ್ರ ಎಲ್ಲ ಸುಟ್ಟುಹೋಗಿರತ್ತೆ. ಒಂದೇ ಪಂಚಾಯಿತಿಲಿ ಒಡೆತನ ತೀರ್ಮಾನ ಮಾಡೋಕೆ ಹೋಗ್ಬೇಡಿ. ಒಂದು ಹಂಗಾಮಿಗೆ ಮಾತ್ರ ಒಪ್ಪಂದ ಬರೆಸಿ: ಈ ಸಲ ಯಾರು ಬಿತ್ತುತ್ತಾರೆ, ಬೆಳೆ ಯಾರಿಗೆ, ಇದ್ರಿಂದ ಒಡೆತನದ ಹಕ್ಕು ಬರಲ್ಲ ಅಂತ ಸ್ಪಷ್ಟವಾಗಿ ಬರೆದು, ಎರಡೂ ಕಡೆಯ ಸಾಕ್ಷಿ ಹಾಕಿಸಿ. ತಕರಾರು ಇರೋ ಜಮೀನಲ್ಲಿ ಮರ ನೆಡಿಸೋದು, ಬಾವಿ ತೋಡಿಸೋದು ಮಾಡ್ಲೇಬೇಡಿ, ನಾಳೆ ಅದೇ ಮರ ತೋರಿಸಿ ಜಮೀನು ನಂದು ಅಂತಾರೆ, ನೀವು ಒಳ್ಳೇದು ಮಾಡೋಕೆ ಹೋಗಿ ಜಗಳಕ್ಕೆ ಹೊಸ ಸಾಕ್ಷಿ ಕೊಟ್ಟ ಹಾಗಾಗತ್ತೆ. ಗಂಡನ್ನ ಕಳ್ಕೊಂಡ ಹೆಂಗಸರ ವಿಷಯ ಬೇರೆಯಾಗೇ ಕೂತು ಮಾತಾಡಿ, ದೊಡ್ಡ ಸಭೇಲಿ ಅವರು ಬಾಯಿ ಬಿಡೋದು ಕಷ್ಟ, ಭಾವನೋ ಮೈದುನನೋ ಎದುರಿಗೇ ಕೂತಿರ್ತಾರೆ. ಕೊಲಂಬಿಯಾ 2011ರಲ್ಲಿ ಮಾಡಿದ ಕಾನೂನು ಇಲ್ಲಿ ನೆನಪಿಡೋ ಹಾಗಿದೆ: ಜಮೀನು ಕಳ್ಕೊಂಡೋರು ಮೇಲ್ನೋಟಕ್ಕೆ ಒಪ್ಪೋವಷ್ಟು ದಾಖಲೆ ಕೊಟ್ರೆ ಸಾಕು, ಅದು ತಪ್ಪು ಅಂತ ಸಾಬೀತು ಮಾಡೋ ಹೊಣೆ ಎದುರು ಪಾರ್ಟಿದು.

ಮೂರನೇದು ಹೊಟ್ಟೆ. ಬಿತ್ತನೆ ಟೈಮಲ್ಲಿ ಮನೇಲಿ ಊಟಕ್ಕಿಲ್ಲ ಅಂದ್ರೆ ಬಿತ್ತನೆ ಕಾಳನ್ನೇ ಬೇಯಿಸ್ತಾರೆ, ಯಾರೇ ಆದ್ರೂ ಮಕ್ಕಳು ಹಸ್ಕೊಂಡಾಗ ಹಾಗೇ ಮಾಡ್ತಾರೆ, ಅದನ್ನ ಬೀಜ ದುರುಪಯೋಗ ಅಂತ ರಿಪೋರ್ಟಲ್ಲಿ ಬರೆಯೋದು ಅನ್ಯಾಯ. ಬೀಜ ಕೊಡೋ ದಿನಾನೇ ದಿನಸಿನೂ ಕೊಡಿ, ಹತ್ತಿರದ ಮಾರ್ಕೆಟ್ಟಲ್ಲಿ ಸಾಮಾನು ಸಿಗ್ತಿದ್ರೆ ದುಡ್ಡೇ ಕೊಡಿ. ಕೊಯ್ಲಾಗೋವರೆಗೂ ಮಧ್ಯೆ ಖಾಲಿ ತಿಂಗಳುಗಳು ಇರತ್ತಲ್ಲ, ಆವಾಗ ಕಾಲುವೆ ಹೂಳೆತ್ತೋದು, ಒಡೆದ ಏರಿ ಕಟ್ಟೋದು, ಹೊಲದ ದಾರಿ ಸರಿ ಮಾಡೋದು ಇಂಥ ಕೆಲಸಕ್ಕೆ ದಿನಗೂಲಿ ಕೊಟ್ರೆ ಮನೆಗೂ ಆಯ್ತು ಊರಿಗೂ ಆಯ್ತು. ಅವರವರ ಹೊಲದ ಕೆಲಸ ಜೋರಾಗಿರೋ ವಾರಗಳಲ್ಲಿ ಮಾತ್ರ ಕೂಲಿ ಕೆಲಸ ನಿಲ್ಲಿಸಿ. ಕೆಲಸ ಮಾಡೋಕಾಗದ ವಯಸ್ಸಾದೋರಿಗೆ, ಕೈಕಾಲು ಕಳ್ಕೊಂಡೋರಿಗೆ ಕೂಲಿ ಇಲ್ದೇನೇ ಸಹಾಯ ಸಿಗ್ಬೇಕು.

ಈಗ ಬೀಜಕ್ಕೆ ಬರೋಣ. ಬೀಜವೇ ಇಲ್ವಾ, ಬೀಜ ಇದ್ದೂ ಕೊಳ್ಳೋಕೆ ದುಡ್ಡಿಲ್ವಾ ಅನ್ನೋದನ್ನ ಮೊದ್ಲು ತಿಳ್ಕೊಳ್ಳಿ, ಎರಡಕ್ಕೂ ಔಷಧಿ ಬೇರೆ. 1994ರ ನರಮೇಧದ ನಂತರ ರುವಾಂಡದಲ್ಲಿ ಬೀನ್ಸ್ ತಳಿಗಳೇ ನಾಶ ಆಗಿರತ್ತೆ ಅಂತ ಎಲ್ಲ ಹೆದರಿದ್ರು, ಹೋಗಿ ನೋಡಿದ್ರೆ ಹೆಚ್ಚಿನ ತಳಿ ರೈತರ ಕೈಲೇ, ಸಂತೇಲೇ ಉಳಿದಿತ್ತು. ದುಡ್ಡಿನ ಸಮಸ್ಯೆ ಆದ್ರೆ ಬೀಜ ಸಂತೆ ಮಾಡಿ, 2000ದ ಹೊತ್ತಿಗೆ ಉಗಾಂಡಾದಲ್ಲಿ ಶುರುವಾದ ಪದ್ಧತಿ ಇದು. ಪ್ರತಿ ಮನೆಗೆ ಇಷ್ಟು ಬೆಲೆದು ಅಂತ ಕೂಪನ್ ಕೊಡ್ತೀರಿ, ಸುತ್ತಮುತ್ತಲ ರೈತರು, ಸಣ್ಣ ವ್ಯಾಪಾರಿಗಳು, ಗುದ್ದಲಿ ಕುಡುಗೋಲು ಮಾಡೋ ಕಮ್ಮಾರರು ಎಲ್ಲ ಒಂದು ದಿನ ಒಂದು ಕಡೆ ಸೇರ್ತಾರೆ, ಮನೆಯೋರು ತಾವೇ ಆರಿಸಿ ಕೂಪನ್ ಕೊಟ್ಟು ತಗೋತಾರೆ, ಸಂಜೆ ಮಾರಿದೋರು ಕೂಪನ್ ಕೊಟ್ಟು ದುಡ್ಡು ತಗೊಂಡು ಹೋಗ್ತಾರೆ. ತಮ್ಮ ಮಣ್ಣಿಗೆ ಯಾವುದು ಆಗತ್ತೆ ಅಂತ ಗೊತ್ತಿರೋರು ಅವರೇ ತಾನೇ.

ಬೀಜ ಎಲ್ಲಿಂದ್ಲೇ ಬರ್ಲಿ, ಮೊಳಕೆ ಪರೀಕ್ಷೆ ಮಾಡ್ದೆ ಯಾರ ಕೈಗೂ ಕೊಡ್ಬೇಡಿ. ಚೀಲದ ಮೇಲೆ, ಮಧ್ಯೆ, ತಳದಿಂದ ತೆಗೆದ 100 ಕಾಳನ್ನ ಒದ್ದೆ ಬಟ್ಟೆ ಮೇಲೆ ಹತ್ತತ್ತರ ಸಾಲು ಜೋಡಿಸಿ, ಬಟ್ಟೆ ಸಡಿಲವಾಗಿ ಸುತ್ತಿ ನೆರಳಲ್ಲಿಡಿ, ತೇವ ಆರದ ಹಾಗೆ ನೀರು ಚಿಮುಕಿಸ್ತಾ ಇರಿ. ಒಂದು ವಾರಕ್ಕೆ ಬಿಚ್ಚಿ ಬೇರು, ಕುಡಿ ಎರಡೂ ಚೆನ್ನಾಗಿ ಬಂದಿರೋದನ್ನ ಮಾತ್ರ ಎಣಿಸಿ. 80ರ ಮೇಲೆ ಬಂದ್ರೆ ಧೈರ್ಯವಾಗಿ ಬಿತ್ತಬಹುದು, 60–70 ಬಂದ್ರೆ ಬೀಜದ ಪ್ರಮಾಣ ಜಾಸ್ತಿ ಮಾಡ್ಬೇಕು, ಅರ್ಧನೂ ಮೊಳೀಲಿಲ್ಲ ಅಂದ್ರೆ ಬಿತ್ತನೆಗೆ ಬೇಡ. ಔಷಧಿ ಹಚ್ಚಿರೋ ಬೀಜ ಆದ್ರೆ ತಿನ್ನಬಾರ್ದು, ದನಕ್ಕೂ ಹಾಕಬಾರ್ದು ಅಂತ ಬಾಯಲ್ಲೇ ಹೇಳಿ, ಚೀಲದ ಮೇಲೆ ಬರೆದಿದ್ರೆ ಸಾಲಲ್ಲ.

ತಳಿ ನಿಜವಾಗ್ಲೂ ಹೋಗಿದ್ರೆ ಬೀಜ ಬ್ಯಾಂಕುಗಳನ್ನ ಕೇಳಿ. ಸಿರಿಯಾದ ಅಲೆಪ್ಪೊ ಹತ್ತಿರ ಇದ್ದ, ಒಣಪ್ರದೇಶದ ಬೇಸಾಯದ ಬಗ್ಗೆ ಸಂಶೋಧನೆ ಮಾಡೋ ಇಕಾರ್ಡಾ ಸಂಸ್ಥೆ ಯುದ್ಧದಿಂದ ತನ್ನ ಬೀಜ ಸಂಗ್ರಹ ಬಳಸೋಕಾಗದೆ ಇದ್ದಾಗ, 2015ರಲ್ಲಿ ನಾರ್ವೆಯ ಸ್ವಾಲ್‌ಬಾರ್ಡ್ ಉಗ್ರಾಣದಲ್ಲಿ ಇಟ್ಟಿದ್ದ ಬೀಜ ವಾಪಸ್ ತಗೊಂಡು ಲೆಬನಾನ್, ಮೊರೊಕ್ಕೊದಲ್ಲಿ ಬೆಳೆಸಿತು.

ದನ, ಆಡು, ಕುರಿ ಹೊಸದಾಗಿ ಹಂಚೋಕೆ ಮುಂಚೆ ಇರೋದನ್ನ ಉಳಿಸ್ಕೊಳ್ಳಿ. ಲಸಿಕೆ, ಮೇವು, ನೀರು ಮೊದ್ಲು. ಡಾಕ್ಟ್ರು ಬರೋಕಾಗದ ಕಡೆ ದನ ಸಾಕೋರಿಗೇ ಟ್ರೈನಿಂಗ್ ಕೊಡಬಹುದು. ದಕ್ಷಿಣ ಸುಡಾನ್‌ನಲ್ಲಿ ಯುದ್ಧ ನಡೀತಿರೋವಾಗ್ಲೇ ಹೀಗೆ ಟ್ರೈನಿಂಗ್ ತಗೊಂಡೋರು ಬಿಸಿಲಿಗೆ ಬೇಗ ಕೆಡದ ಲಸಿಕೆ ಹಿಡ್ಕೊಂಡು ಹೋಗಿ ದನಗಳಿಗೆ ದೊಡ್ಡರೋಗದ (ರಿಂಡರ್‌ಪೆಸ್ಟ್) ಲಸಿಕೆ ಹಾಕಿದ್ರು, 2011ರಲ್ಲಿ ಆ ರೋಗ ಪ್ರಪಂಚದಿಂದ್ಲೇ ಹೋಯ್ತು ಅಂತ ಘೋಷಣೆ ಆಯ್ತು. ಮನೆ ಹಿಂದೆ ಜಾಗ ಇದ್ರೆ ಬೇಗ ಬರೋ ಸೊಪ್ಪು, ನಾಲ್ಕು ಕೋಳಿ, ಇಷ್ಟಿದ್ರೂ ಮಕ್ಕಳ ತಟ್ಟೆಗೆ ಏನಾದ್ರೂ ಬೀಳತ್ತೆ.

ಪಟ್ಟಿ ಮಾಡೋವಾಗ ವಾಪಸ್ ಬಂದೋರಿಗೆ ಮಾತ್ರ ಕೊಟ್ಟು, ಊರಲ್ಲೇ ಉಳಿದು ಕಷ್ಟಪಟ್ಟೋರನ್ನ ಬಿಟ್ರೆ ಹೊಸ ಜಗಳ ನೀವೇ ಹಚ್ಚಿದ ಹಾಗೆ. ಯಾರಿಗೆ ಏನು ಸಿಕ್ತು, ಯಾಕೆ ಅನ್ನೋದನ್ನ ಎಲ್ಲರಿಗೂ ಕಾಣೋ ಜಾಗದಲ್ಲಿ ಅಂಟಿಸಿ, ಓದೋಕೆ ಬರದೋರಿಗೆ ಓದಿ ಹೇಳಿ, ತಕರಾರು ಹೇಳೋಕೆ ಒಬ್ಬ ಗಂಡಸು ಒಬ್ಬ ಹೆಂಗಸು ಇಬ್ಬರನ್ನೂ ಗೊತ್ತು ಮಾಡಿ. ಆದ್ರೆ ಹೆಸರು ಹೊರಗೆ ಬಂದ್ರೆ ಯಾರ ಜೀವಕ್ಕಾದ್ರೂ ಅಪಾಯ ಇದೆ ಅನ್ನೋ ಊರಲ್ಲಿ ಹೆಸರು ಅಂಟಿಸ್ಬೇಡಿ, ಆಯ್ಕೆಯ ನಿಯಮ ಮಾತ್ರ ಹಾಕಿ. ಕೊಯ್ಲಾದ ವಾರದಲ್ಲೇ ಮತ್ತೆ ಕೂತು ಮುಂದಿನ ಹಂಗಾಮಿಗೆ ಎಷ್ಟು ಬೀಜ ಎತ್ತಿಡ್ಬೇಕು, ಎಲ್ಲಿಡ್ಬೇಕು ಮಾತಾಡಿ. ಕಾಳು ಹಲ್ಲಲ್ಲಿ ಕಚ್ಚಿದ್ರೆ ಟಕ್ ಅಂತ ಒಡೀಬೇಕು, ಅಲ್ಲಿವರೆಗೂ ಒಣಗಿಸಿ, ಆಮೇಲೆ ಗಾಳಿಯಾಡದ ಡಬ್ಬೀಲಿ ತುಂಬಿ ಮುಚ್ಚಿ, ತಳಿ ಹೆಸರು, ತಾರೀಖು ಬರೆದಿಡಿ.