ನೋವಿಗೆ ಕಾರಣ ಬಿಗಿ ಬೂಟಲ್ಲ, ದೊಡ್ಡ ಬೂಟು

ಹಿಮದ ಮೇಲೆ ಜಾರುವ ಸ್ಕೀಯಿಂಗ್ ಕಲಿತ ಹೊಸದರಲ್ಲಿ ನನಗೆ ಇಳಿಜಾರಿಗಿಂತ ಬೂಟಿನ ಭಯವೇ ಜಾಸ್ತಿ ಇತ್ತು. ಮೂರನೇ ಸಲ ಇಳಿಯುವ ಹೊತ್ತಿಗೆ ಅಂಗಾಲು ಸೆಟೆದುಕೊಳ್ಳುತ್ತಿತ್ತು, ಬೆರಳುಗಳಿಗೆ ಜೋಮು ಹಿಡಿಯುತ್ತಿತ್ತು. ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್ ಕುರ್ಚಿಯಲ್ಲಿ ಕೂತರೆ ಬೂಟಿಗೆ ಸಿಕ್ಕಿಸಿದ ಸ್ಕೀ ಹಲಗೆಗಳ ಭಾರವೆಲ್ಲ ಪಾದಕ್ಕೆ ಜೋತುಬಿದ್ದು ನೋವು ಇನ್ನೂ ಏರುತ್ತಿತ್ತು.

ಎಲ್ಲರೂ ಹೇಳಿದ್ದು ಒಂದೇ ಮಾತು: ದೊಡ್ಡ ಸೈಜ್ ತಗೋ. ತಗೊಂಡೆ. ನೋವು ದುಪ್ಪಟ್ಟಾಯಿತು!

ಯಾಕೆ ಅಂತ ಆಮೇಲೆ ತಿಳಿಯಿತು. ದೊಡ್ಡ ಬೂಟಿನೊಳಗೆ ಪಾದ ಜಾರುತ್ತದೆ. ಹಿಮ್ಮಡಿ ಮೇಲೇಳುತ್ತದೆ. ಅದನ್ನು ಹಿಡಿದಿಡಲು ನಾವು ಬಕಲ್ ಬಿಗಿಯುತ್ತೇವೆ. ಪಾದದ ಮೇಲ್ಭಾಗದಲ್ಲಿ ಚರ್ಮದ ಕೆಳಗೇ ರಕ್ತನಾಳ, ನರಗಳಿರುತ್ತವೆ, ಅವು ಅದುಮಿಹೋಗುತ್ತವೆ. ಸಾಲದ್ದಕ್ಕೆ ಬೆರಳುಗಳು ನೆಲ ಹಿಡಿಯುವ ಹಾಗೆ ಮಡಚಿಕೊಂಡೇ ಇರುತ್ತವೆ. ಅಂಗಾಲು ಸೆಟೆಯದೆ ಇನ್ನೇನು ಮಾಡೀತು?

ಸ್ಕೀ ಬೂಟಿನ ಸೈಜ್ ಅಂದರೆ ಪಾದದ ಉದ್ದ, ಸೆಂಟಿಮೀಟರ್‌ನಲ್ಲಿ. ಗೋಡೆಗೆ ಹಿಮ್ಮಡಿ ತಾಗಿಸಿ ನಿಂತು ಅಳೆದೆ: 26. ನಾನು ಹಾಕುತ್ತಿದ್ದದ್ದು 27.5! ಒಳಗಿನ ಮೆತ್ತನೆಯ ಲೈನರ್ ಹೊರತೆಗೆದು, ಬರೀ ಪ್ಲಾಸ್ಟಿಕ್ ಶೆಲ್‌ನಲ್ಲಿ ಕಾಲಿಟ್ಟು, ಬೆರಳುಗಳನ್ನು ಮುಂದಕ್ಕೆ ತಾಗಿಸಿದೆ. ಹಿಮ್ಮಡಿಯ ಹಿಂದೆ ಸುಮಾರು ಒಂದೂವರೆ ಸೆಂಟಿಮೀಟರ್ ಜಾಗ ಇದ್ದರೆ ಸರಿ. ನನ್ನದರಲ್ಲಿ ಎರಡು ಕೈಬೆರಳು ಆರಾಮಾಗಿ ತೂರುತ್ತಿದ್ದವು.

26ರ ಬೂಟು ಹಾಕಿದಾಗ ಮೊದಲು ಗಾಬರಿಯಾಯಿತು. ನೆಟ್ಟಗೆ ನಿಂತರೆ ಬೆರಳು ಮುಂದೆ ತಾಗುತ್ತಿತ್ತು. ಮೊಣಕಾಲು ಬಗ್ಗಿಸಿದೆ, ಹಿಮ್ಮಡಿ ಹಿಂದಕ್ಕೆ ಸರಿಯಿತು, ಬೆರಳಿಗೆ ಉಸಿರು ಬಂತು. ಸ್ಕೀ ಮಾಡುವಾಗ ನಿಲ್ಲುವುದು ಹಾಗೇ ಅಲ್ವಾ. ಅಂಗಡಿಯಲ್ಲಿ ನೆಟ್ಟಗೆ ನಿಂತು ಬೂಟು ಆರಿಸಿದ್ದೇ ನನ್ನ ಹಳೇ ತಪ್ಪು.

ಆದರೂ ಕಿರುಬೆರಳಿನ ಬುಡದ ಮೂಳೆ ಒತ್ತುತ್ತಿತ್ತು. ಬೂಟು ಸರಿಪಡಿಸುವವರು ಅಲ್ಲಿಗೆ ಲಿಪ್‌ಸ್ಟಿಕ್ ಹಚ್ಚಿ, ಬರೀ ಶೆಲ್‌ಗೆ ಕಾಲಿಡಲು ಹೇಳಿದರು. ಗುರುತು ಪ್ಲಾಸ್ಟಿಕ್ ಮೇಲೆ ಮೂಡಿತು. ಅಷ್ಟೇ ಜಾಗವನ್ನು ಬಿಸಿ ಮಾಡಿ ಕೆಲವು ಮಿಲಿಮೀಟರ್ ಹೊರಕ್ಕೆ ಉಬ್ಬಿಸಿದರು. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಶೆಲ್ ಹಾಳಾದೀತು. ಅಂಗಾಲಿನ ಕಮಾನಿಗೆ ಆಸರೆ ಕೊಡುವ ಇನ್‌ಸೋಲ್ ಕೂಡ ಹಾಕಿಸಿದೆ. ಭಾರ ಬಿದ್ದಾಗ ಪಾದ ಚಪ್ಪಟೆಯಾಗಿ ಅಗಲವಾಗುವುದು ಅದರಿಂದ ಕಡಿಮೆಯಾಯಿತು.

ಸಾಕ್ಸ್ ವಿಷಯದಲ್ಲೂ ಬುದ್ಧಿ ಬಂತು. ಮೊದಲು ಚಳಿಗೆಂದು ಎರಡು ಜೊತೆ ಹಾಕುತ್ತಿದ್ದೆ, ಒಳಪ್ಯಾಂಟನ್ನೂ ಬೂಟಿನೊಳಗೆ ತುರುಕುತ್ತಿದ್ದೆ. ಈಗ ತೆಳುವಾದ ಒಂದೇ ಜೊತೆ, ಮೊಣಕಾಲಿನವರೆಗೆ. ಬೂಟಿನೊಳಗೆ ಬೇರೇನೂ ಇಲ್ಲ. ರಾತ್ರಿ ಬೂಟನ್ನು ಬೆಚ್ಚಗಿನ ಕೋಣೆಯಲ್ಲಿ ಇಡುತ್ತೇನೆ. ತಣ್ಣಗಾದ ಪ್ಲಾಸ್ಟಿಕ್‌ನಲ್ಲಿ ಕಾಲು ತೂರಿಸುವುದೇ ಒಂದು ಯುದ್ಧ.

ಹಾಕಿದ ಮೇಲೆ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸುತ್ತೇನೆ. ಮೊಣಕಾಲು ಬಗ್ಗಿಸಿ ಮೊದಲು ಮೇಲಿನ ಎರಡು ಬಕಲ್. ಪಾದದ ಮೇಲಿನವು ಆಮೇಲೆ, ಬೆರಳಿನ ಹತ್ತಿರದ್ದು ಸುಮ್ನೆ ಸಿಕ್ಕಿಸುವಷ್ಟು. ಪೂರ್ತಿ ಬಿಗಿಯುವುದು ಒಂದೆರಡು ಸಲ ಇಳಿದ ಮೇಲೆಯೇ.

ಎಡ ಕಣಕಾಲಿನ ಒಳಬದಿಯ ಮೂಳೆ ಮಾತ್ರ ಮಧ್ಯಾಹ್ನದ ಮೇಲೆ ಈಗಲೂ ಸ್ವಲ್ಪ ತಕರಾರು ಮಾಡುತ್ತದೆ. ಬಕಲ್ ಒಂದು ಹಲ್ಲು ಸಡಿಲಿಸಿದರೆ ಸಂಜೆವರೆಗೆ ಸುಮ್ಮನಿರುತ್ತದೆ.