ಹೆರಾಲ್ಡ್ ಚಾಸಿಗೆ ಜಿಪ್ಸಿ ಎಂಜಿನ್: ನನ್ನ ಅನುಭವ

ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ತಯಾರಿಸಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿಗೆ ಅಂಬಾಸಿಡರ್‌ಗೂ ಫಿಯಟ್‌ಗೂ ಇಲ್ಲದ ಕೆಲವು ಅನುಕೂಲಗಳಿವೆ. ಅದರ ಚಾಸಿ, ಅಂದರೆ ಅಡಿಯ ಉಕ್ಕಿನ ಚೌಕಟ್ಟು, ಬಾಡಿಯಿಂದ ಪ್ರತ್ಯೇಕವಾಗಿದೆ. ಬಾನೆಟ್ಟು ಮುಂದಿನ ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ವಾಲಿಕೊಳ್ಳುವುದರಿಂದ ಎಂಜಿನ್ನಿನ ಸುತ್ತ ನಿಂತು ಕೆಲಸ ಮಾಡಬಹುದು. ಗೇರ್‌ಬಾಕ್ಸಿನ ಮೇಲಿನ ಕವಚವನ್ನು ಕಾರಿನ ಒಳಗಿನಿಂದಲೇ ಬಿಚ್ಚಬಹುದು. ಮೈಸೂರಿನ ನಮ್ಮ ಮನೆಯಲ್ಲಿದ್ದ ಹೆರಾಲ್ಡ್‌ನ 948 ಸಿಸಿ ಎಂಜಿನ್ನಿನ ಬ್ಲಾಕ್ (ಸಿಲಿಂಡರುಗಳಿರುವ ಎರಕದ ಮುಖ್ಯ ಭಾಗ) ಬಿರುಕು ಬಿಟ್ಟು, ಅದಕ್ಕೆ ಬದಲಿ ಬ್ಲಾಕ್ ಎಲ್ಲಿಯೂ ಸಿಗದಿದ್ದಾಗ, ಕಾರನ್ನು ಶೆಡ್ಡಿನಲ್ಲಿ ತುಕ್ಕು ಹಿಡಿಯಲು ಬಿಡುವ ಬದಲು ಬೇರೆ ಎಂಜಿನ್ ಕೂರಿಸುವುದೆಂದು ತೀರ್ಮಾನಿಸಿದೆ.

ಎಂಜಿನ್ ಆರಿಸುವಾಗ ಎಷ್ಟು ಶಕ್ತಿ ಬೇಕು ಎನ್ನುವುದಕ್ಕಿಂತ ಹಿಂದಿನ ಡಿಫರೆನ್ಷಿಯಲ್ಲು (ಶಕ್ತಿಯನ್ನು ಎರಡು ಹಿಂಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆ), ಚಕ್ರಗಳನ್ನು ತಿರುಗಿಸುವ ಆಕ್ಸಲ್ ಶಾಫ್ಟು ಮತ್ತು ಬ್ರೇಕು ಎಷ್ಟನ್ನು ತಾಳಿಕೊಳ್ಳಬಲ್ಲವು ಎಂಬುದನ್ನು ಮೊದಲು ನೋಡಬೇಕು. ಮಾರುತಿ ಜಿಪ್ಸಿಯ 1298 ಸಿಸಿ ಎಂಜಿನ್ ಕಾರಿನ ಉದ್ದದ ದಿಕ್ಕಿನಲ್ಲೇ ಕೂರುತ್ತದೆ, ಬ್ಲಾಕ್ ಅಲ್ಯೂಮಿನಿಯಂನದಾದ್ದರಿಂದ ಹಗುರ, ಜೊತೆಗೆ ಐದು ಗೇರಿನ ಗೇರ್‌ಬಾಕ್ಸು ಸಿಗುತ್ತದೆ. ಸುಮಾರು 80 ಅಶ್ವಶಕ್ತಿಯ ಹದಿನಾರು ವಾಲ್ವಿನ ಎಂಜಿನ್ನನ್ನೇ ಹಾಕು ಎಂದು ಗೆಳೆಯರು ಒತ್ತಾಯಿಸಿದರೂ, ಮೂಲತಃ ನಲವತ್ತಕ್ಕಿಂತ ಕಡಿಮೆ ಅಶ್ವಶಕ್ತಿಗೆಂದು ರೂಪಿಸಿದ ಆಕ್ಸಲ್ಲಿನ ಮೇಲೆ ಅಷ್ಟು ಭಾರ ಹೊರಿಸುವುದು ನನಗೆ ಸರಿ ಕಾಣಲಿಲ್ಲ. 60 ಅಶ್ವಶಕ್ತಿಯ, ಎಂಟು ವಾಲ್ವಿನ ಕಾರ್ಬ್ಯುರೇಟರ್ ಎಂಜಿನ್ನನ್ನೇ ಆರಿಸಿದೆ. ಅದರಿಂದ ಹದಿನಾರು ವಾಲ್ವಿನ ಎಂಜಿನ್ನಿಗೆ ಬೇಕಾದ ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರು), ಸೆನ್ಸರು, ಹೆಚ್ಚಿನ ಒತ್ತಡದ ಪೆಟ್ರೋಲ್ ಪಂಪು ಇವುಗಳ ಗೊಡವೆಯೂ ತಪ್ಪಿತು.

ಜಿಪ್ಸಿಯಲ್ಲಿ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಒಂದು ಗಿಡ್ಡ ಶಾಫ್ಟ್ ಇರುತ್ತದೆ. ಆದ್ದರಿಂದ ಅದನ್ನು ಪೂರ್ತಿ ಕೈಬಿಟ್ಟು ಗೇರ್‌ಬಾಕ್ಸಿನಿಂದ ನೇರವಾಗಿ ಹಿಂದಿನ ಡಿಫರೆನ್ಷಿಯಲ್ಲಿಗೆ ಪ್ರೊಪೆಲ್ಲರ್ ಶಾಫ್ಟ್ ಎಳೆಯಬಹುದು. ಇದರ ಜೊತೆಗೇ ಒಂದು ತೊಡಕೂ ಬರುತ್ತದೆ: ಜಿಪ್ಸಿಯ ಸ್ಪೀಡೋಮೀಟರ್ ಕೇಬಲ್ ಹೊರಡುವುದು ಟ್ರಾನ್ಸ್‌ಫರ್ ಕೇಸಿನಿಂದ. ಅದು ಹೋದರೆ ಮೀಟರಿನ ಮುಳ್ಳು ಅಲ್ಲಾಡುವುದಿಲ್ಲ. ನಾನು ಹಳೆಯ ಮೀಟರನ್ನು ಅದರ ಜಾಗದಲ್ಲೇ ಬಿಟ್ಟು, ಡ್ಯಾಶ್‌ಬೋರ್ಡಿನ ಕೆಳಗೆ ಜಿಪಿಎಸ್ ಮೀಟರೊಂದನ್ನು ಕೂರಿಸಿದ್ದೇನೆ, ನೋಡಲು ಚೆಂದವೇನಲ್ಲ.

ಅತಿ ಹೆಚ್ಚು ಸಮಯ ತೆಗೆದುಕೊಂಡದ್ದು ಎಂಜಿನ್ನಿನ ಸ್ಥಾನ ನಿರ್ಧರಿಸುವ ಕೆಲಸ. ಗುಜರಿಯಿಂದ ತಂದ ಖಾಲಿ ಬ್ಲಾಕ್ ಒಂದಕ್ಕೆ ಗೇರ್‌ಬಾಕ್ಸ್ ಜೋಡಿಸಿ, ಚೈನ್ ಬ್ಲಾಕಿನಲ್ಲಿ (ಭಾರ ಎತ್ತುವ ಸರಪಳಿ ರಾಟೆಯಲ್ಲಿ) ತೂಗುಹಾಕಿ, ಎಂಜಿನ್ನಿನ ಅಡಿಯ ಎಣ್ಣೆಬಟ್ಟಲಾದ ಸಂಪು ಸ್ಟೀರಿಂಗ್ ರ್ಯಾಕಿಗೆ ತಾಗದಂತೆ, ಗೇರ್ ಲಿವರ್ ಕೈಗೆ ಎಟುಕುವಂತೆ, ಎಕ್ಸಾಸ್ಟ್ ಪೈಪಿನ ಸುತ್ತ ಬೆರಳು ತೂರುವಷ್ಟು ಜಾಗ ಉಳಿಯುವಂತೆ ಅತ್ತಿತ್ತ ಸರಿಸುತ್ತಾ ಹೋದೆವು. ಸ್ಥಾನ ಖಚಿತವಾದ ಮೇಲೆ ಮೊದಲು ರಟ್ಟಿನಲ್ಲಿ, ಆಮೇಲೆ ಪ್ಲೈವುಡ್ಡಿನಲ್ಲಿ ಮೌಂಟಿಂಗ್ ಬ್ರಾಕೆಟ್ಟಿನ ಅಚ್ಚು ಕತ್ತರಿಸಿ, ಅದರಂತೆ 6 ಮಿ.ಮೀ. ದಪ್ಪದ ಎಂ.ಎಸ್. (ಮೃದು ಉಕ್ಕಿನ) ಪ್ಲೇಟಿನಲ್ಲಿ ಬ್ರಾಕೆಟ್ ಮಾಡಿಸಿದೆ. ಎಲ್ಲ ಬ್ರಾಕೆಟ್ಟುಗಳೂ ಚಾಸಿಯಲ್ಲಿ ಮೊದಲೇ ಇದ್ದ ತೂತುಗಳಿಗೆ ಬೋಲ್ಟಿನಿಂದಲೇ ಕೂರುತ್ತವೆ. ಚಾಸಿಯನ್ನು ಕತ್ತರಿಸುವುದಕ್ಕಾಗಲಿ ಅದಕ್ಕೆ ವೆಲ್ಡಿಂಗ್ ತಾಗಿಸುವುದಕ್ಕಾಗಲಿ ನಾನು ಒಪ್ಪಲಿಲ್ಲ.

ಗೇರ್‌ಬಾಕ್ಸಿನ ಹೊರಶಾಫ್ಟೂ ಡಿಫರೆನ್ಷಿಯಲ್ಲಿನ ಪಿನಿಯನ್ನೂ (ಪ್ರೊಪೆಲ್ಲರ್ ಶಾಫ್ಟ್ ತಿರುಗಿಸುವ ಚಿಕ್ಕ ಗೇರು) ಒಂದಕ್ಕೊಂದು ಸಮಾನಾಂತರವಾಗಿರದಿದ್ದರೆ ವೇಗ ಹೆಚ್ಚಿದಂತೆ ಕಾರು ನಡುಗುತ್ತದೆ. ಹೆರಾಲ್ಡ್‌ನಲ್ಲಿ ಡಿಫರೆನ್ಷಿಯಲ್ ಚಾಸಿಗೇ ಬಿಗಿದಿರುವುದರಿಂದ ಚಕ್ರಗಳು ಕುಣಿದರೂ ಈ ಕೋನ ಬದಲಾಗುವುದಿಲ್ಲ, ಒಮ್ಮೆ ಸರಿಯಾಗಿ ಹೊಂದಿಸಿದರೆ ಸಾಕು. ಗೇರ್‌ಬಾಕ್ಸಿಗೆ ಜೋಡಿಸಲು ಮುಂದೆ ಜಿಪ್ಸಿಯ ಯೋಕು, ಡಿಫರೆನ್ಷಿಯಲ್ಲಿಗೆ ಜೋಡಿಸಲು ಹಿಂದೆ ಹೆರಾಲ್ಡ್‌ನ ಫ್ಲ್ಯಾಂಜು ಇರುವ ಪ್ರೊಪೆಲ್ಲರ್ ಶಾಫ್ಟನ್ನು ಲೇತಿನವರಿಂದ ಮಾಡಿಸಿ, ಬ್ಯಾಲೆನ್ಸಿಂಗ್ ಮಾಡಿಸಿಕೊಂಡ ನಂತರವೇ ಹಾಕಿದೆ. ನನ್ನ ಕಾರಿನ ಕ್ರೌನ್-ಪಿನಿಯನ್ ಅನುಪಾತ 4.875, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಅಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ನಾಲ್ಕನೇ ಗೇರಿನಲ್ಲಿ ಗಂಟೆಗೆ 80 ಕಿ.ಮೀ. ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 3,500 ಸುತ್ತು ತಿರುಗಿದರೆ, 0.795 ಅನುಪಾತದ ಐದನೇ ಗೇರಿನಲ್ಲಿ ಅದು 2,800ರ ಆಸುಪಾಸಿಗೆ ಇಳಿಯುತ್ತದೆ. ಶ್ರೀರಂಗಪಟ್ಟಣದ ಕಡೆಗೆ ಹೊರಟಾಗ ಈ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

ನನ್ನ ಕಾರಿನ ವೈರಿಂಗ್ ಪಾಸಿಟಿವ್ ಅರ್ಥಿಂಗ್‌ನದಾಗಿತ್ತು (ಬ್ಯಾಟರಿಯ ಪಾಸಿಟಿವ್ ತುದಿ ಚಾಸಿಗೆ ಸೇರಿತ್ತು), ಬ್ಯಾಟರಿ ಚಾರ್ಜ್ ಮಾಡುವ ಜಿಪ್ಸಿಯ ಆಲ್ಟರ್ನೇಟರಿಗೆ ನೆಗೆಟಿವ್ ಅರ್ಥಿಂಗ್ ಬೇಕು. ಬ್ಯಾಟರಿ ತಿರುಗಿಸಿ, ಆಮ್ಮೀಟರಿನ ತಂತಿಗಳನ್ನು ಅದಲುಬದಲು ಮಾಡಿ, ಹಳೆಯ ಡೈನಮೊದ ಚಾರ್ಜಿಂಗ್ ನಿಯಂತ್ರಿಸುತ್ತಿದ್ದ ಕಟ್-ಔಟ್ ಪೆಟ್ಟಿಗೆಯನ್ನು ತೆಗೆದುಹಾಕಿದೆ.

ಬ್ರೇಕಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹೊಸ ಎಂಜಿನ್ನಿನ ವ್ಯಾಕ್ಯೂಮ್ (ಹೀರುವಿಕೆ) ಬಳಸಿ ಕಾಲಿನ ಒತ್ತಡಕ್ಕೆ ನೆರವಾಗುವ ಬೂಸ್ಟರ್ ಹಾಕಿದರೆ ಪೆಡಲ್ ಹಗುರವಾಗುತ್ತದೆಯೇ ಹೊರತು ಬ್ರೇಕ್ ಡ್ರಮ್ಮುಗಳು ತಾಳುವ ಶಾಖ ಒಂದಿಷ್ಟೂ ಹೆಚ್ಚುವುದಿಲ್ಲ. ಹಾಗಾಗಿ ಎಂಜಿನ್ನೇ ಕಾರನ್ನು ತಡೆಹಿಡಿಯಲೆಂದು ಚಾಮುಂಡಿ ಬೆಟ್ಟ ಇಳಿಯುವಾಗ ನಾನು ಎರಡನೇ ಗೇರು ಬಿಡುವುದಿಲ್ಲ.

ಇನ್ನು ಕಾಗದಪತ್ರ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂಥ ಬದಲಾವಣೆಯನ್ನು ನಿರ್ಬಂಧಿಸುತ್ತದೆ. ಆದ್ದರಿಂದ ಎಂಜಿನ್ ಖರೀದಿಯ ರಸೀದಿ, ಅದು ಬಂದ ವಾಹನದ ದಾಖಲೆ ಇಟ್ಟುಕೊಂಡು ಕೆಲಸಕ್ಕೆ ಮೊದಲೇ ಆರ್‌ಟಿಒ ಕಚೇರಿಗೆ ಹೋಗಬೇಕು, ವಿಮೆಯವರಿಗೂ ತಿಳಿಸಬೇಕು. 2021ರಲ್ಲಿ ಬಂದ ವಿಂಟೇಜ್ ನೋಂದಣಿಯ ನಿಯಮ ಐವತ್ತು ವರ್ಷ ದಾಟಿದ ವಾಹನಗಳಿಗೆ ಅನ್ವಯಿಸುತ್ತದಾದರೂ, ಎಂಜಿನ್ ಅಥವಾ ಚಾಸಿ ಮಾರ್ಪಡಿಸಿದ ವಾಹನಕ್ಕೆ ಅದು ಸಿಗುವುದಿಲ್ಲ. ಹಾಗಾಗಿಯೇ, ಮುಂದೆ ಮೂಲ ಎಂಜಿನ್ನನ್ನೇ ಮತ್ತೆ ಕೂರಿಸಲು ಬರಲೆಂದು, ಹಳೆಯ ಬ್ಲಾಕು, ಗೇರ್‌ಬಾಕ್ಸು, ಮೌಂಟಿಂಗ್‌ಗಳಿಗೆ ಗ್ರೀಸ್ ಬಳಿದು ಜೋಪಾನವಾಗಿ ಇಟ್ಟಿದ್ದೇನೆ. ಎರಕದ ಕಬ್ಬಿಣದ ಬಿರುಕಿಗೆ ವೆಲ್ಡಿಂಗ್‌ಗಿಂತ ಮೆಟಲ್ ಸ್ಟಿಚಿಂಗ್ (ಕಾಯಿಸದೆ ಲೋಹದ ತುಂಡುಗಳಿಂದ ಬಿರುಕನ್ನು ಹೊಲಿಯುವ ವಿಧಾನ) ಮೇಲು. ಅದನ್ನು ಬಲ್ಲವರು ಸಿಕ್ಕರೆ ಬ್ಲಾಕನ್ನು ಮೊದಲು ಅವರಿಗೆ ಒಪ್ಪಿಸುತ್ತೇನೆ.