ಲಿನಕ್ಸ್ ಕರ್ನಲ್‌ಗೆ ಮೊದಲ ಪ್ಯಾಚ್ ಕಳಿಸುವ ಮುನ್ನ

ಲಿನಕ್ಸ್ ಕರ್ನಲ್‌ಗೆ, ಅಂದರೆ ಆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ, ನಾನು ಕಳಿಸಿದ ಮೊದಲ ಪ್ಯಾಚ್‌ಗೆ (ಕೋಡ್‌ನ ತಿದ್ದುಪಡಿಗೆ) ಬಂದ ಉತ್ತರ ಒಂದೇ ಸಾಲು: ಪ್ಯಾಚ್ ಕೆಟ್ಟಿದೆ, ಅಪ್ಲೈ ಆಗ್ತಿಲ್ಲ. ಕೋಡ್ ಸರಿಯಾಗೇ ಇತ್ತು. ಆದರೆ ನಾನು ಬ್ರೌಸರ್‌ನಲ್ಲಿ ಮೇಲ್ ತೆರೆದು ಪೇಸ್ಟ್ ಮಾಡಿದ್ದೆ. ಅದು ಸುಮ್ನೆ ಇರದೆ ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿ, ಉದ್ದ ಸಾಲುಗಳನ್ನು ಮುರಿದು ಕಳಿಸಿತ್ತು.

ಗಿಟ್‌ಹಬ್‌ನಂಥ ತಾಣಗಳಲ್ಲಿ ಪುಲ್ ರಿಕ್ವೆಸ್ಟ್ ಬಟನ್ ಒತ್ತಿ ಕೋಡ್ ಕೊಟ್ಟು ಅಭ್ಯಾಸವಾದವರಿಗೆ ವಿಚಿತ್ರ ಅನ್ನಿಸಬಹುದು, ಕರ್ನಲ್‌ನ ಪ್ಯಾಚ್‌ಗಳು ಇವತ್ತಿಗೂ ಇಮೇಲ್‌ನಲ್ಲೇ ಓಡಾಡುತ್ತವೆ. 2005ರಲ್ಲಿ ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್, ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಬರೆದದ್ದೇ ಈ ಕರ್ನಲ್ ಕೆಲಸಕ್ಕೆ. ಹಾಗಾಗಿ ಪ್ಯಾಚ್ ಕಟ್ಟಿಕೊಡುವ ‘ಫಾರ್ಮ್ಯಾಟ್-ಪ್ಯಾಚ್’, ಕಳಿಸುವ ‘ಸೆಂಡ್-ಇಮೇಲ್’ ಎರಡೂ ಅದರ ಜೊತೆಗೇ ಬರುತ್ತವೆ. ಮೊದಲು ನಿಮಗೇ ಒಂದು ಮೇಲ್ ಕಳಿಸಿಕೊಂಡು, ಅದನ್ನು, ಮೇಲ್‌ನಲ್ಲಿರುವ ಪ್ಯಾಚನ್ನು ಕೋಡ್‌ಗೆ ಸೇರಿಸುವ ‘ಗಿಟ್ ಎಎಮ್’ನಿಂದ ಅಪ್ಲೈ ಮಾಡಿ ನೋಡಿ. ನನ್ನ ಹಾಗೆ ಮುಖ ಸಣ್ಣದು ಮಾಡಿಕೊಳ್ಳುವುದು ತಪ್ಪುತ್ತದೆ.

ಈಗ ಕೋಡ್‌ಗೆ ಬನ್ನಿ. ಒಂದು ಪ್ಯಾಚ್‌ನಲ್ಲಿ ಒಂದೇ ಕೆಲಸ. ಬಗ್ ಸರಿಮಾಡಲು ಹೋದಾಗ ಪಕ್ಕದ ಸಾಲಿನ ಸ್ಪೇಸಿಂಗ್ ಕಣ್ಣಿಗೆ ಚುಚ್ಚುತ್ತದೆ, ಕೈ ಸುಮ್ಮನಿರುವುದಿಲ್ಲ. ಅದನ್ನು ಬೇರೆ ಪ್ಯಾಚ್ ಮಾಡಿ. ಸರಣಿಯಲ್ಲಿ ನಾಲ್ಕು ಪ್ಯಾಚ್ ಇದ್ದರೆ ಪ್ರತಿಯೊಂದು ಹಂತದಲ್ಲೂ ಕರ್ನಲ್ ಬಿಲ್ಡ್ ಆಗಬೇಕು. ಎರಡನೆಯದರಲ್ಲಿ ಮುರಿದು ಮೂರನೆಯದರಲ್ಲಿ ಜೋಡಿಸಿದರೆ, ಮುಂದೆ ಬೈಸೆಕ್ಟ್ ಮಾಡಿ, ಅಂದರೆ ಹಳೆಯ ಹಂತಗಳನ್ನು ಅರ್ಧರ್ಧ ಮಾಡಿ ಪರೀಕ್ಷಿಸುತ್ತ, ಬಗ್ ಹುಡುಕುವವರು ನಿಮ್ಮನ್ನು ಶಪಿಸುತ್ತಾರೆ.

ಜಾಸ್ತಿ ಜನ ಎಡವುವುದು ಕಮಿಟ್ ಮೆಸೇಜ್‌ನಲ್ಲಿ, ಅಂದರೆ ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿಯಲ್ಲಿ. ‘ಬಗ್ ಫಿಕ್ಸ್’ ಅಂತ ತಲೆಬರಹ ಕೊಟ್ಟರೆ ಯಾವ ಬಗ್, ಎಲ್ಲಿಯದು? ಮೊದಲು ಸಬ್‌ಸಿಸ್ಟಮ್ (ಕರ್ನಲ್‌ನ ವಿಭಾಗ) ಹೆಸರು, ಕೋಲನ್, ಆಮೇಲೆ ಕೆಲಸ: ‘ಯುಎಸ್‌ಬಿ: ಸೀರಿಯಲ್: ಪ್ರೋಬ್ ವಿಫಲವಾದಾಗ ಮೆಮೊರಿ ಸೋರುವುದನ್ನು ಸರಿಪಡಿಸು’. ನೀವು ಬರೆಯುವುದು ಇಂಗ್ಲಿಷ್‌ನಲ್ಲೇ, ಆದರೆ ಧಾಟಿ ಇದೇ. ‘ಸರಿಪಡಿಸಿದ್ದೇನೆ’ ಅಲ್ಲ, ‘ಸರಿಪಡಿಸು’. ಕೋಡ್‌ಗೆ ಆಜ್ಞೆ ಕೊಡುವಂತೆ, ಏಕವಚನದಲ್ಲೇ! ತಲೆಬರಹ 70–75 ಅಕ್ಷರ ದಾಟದಿರಲಿ. ಕೆಳಗಿನ ವಿವರಣೆಯಲ್ಲಿ ಏನು ಬದಲಿಸಿದಿರಿ ಅನ್ನುವುದಕ್ಕಿಂತ ಯಾಕೆ ಅನ್ನುವುದು ಮುಖ್ಯ. ‘ಏನು’ ಅನ್ನುವುದು ಹಳೆ-ಹೊಸ ಸಾಲುಗಳ ವ್ಯತ್ಯಾಸ ತೋರಿಸುವ ಡಿಫ್‌ನಲ್ಲೇ ಕಾಣುತ್ತದೆ, ಅಲ್ವಾ? ಹಳೆಯ ಕಮಿಟ್ (ಈಗಾಗಲೇ ಒಳಗೆ ಸೇರಿದ ಬದಲಾವಣೆ) ಒಂದು ತಂದಿಟ್ಟ ತೊಂದರೆಯಾದರೆ ‘ಫಿಕ್ಸಸ್’ ಸಾಲಿನಲ್ಲಿ ಅದರ ಗುರುತಿನ (ಐಡಿ) ಮೊದಲ 12 ಅಕ್ಷರ ಮತ್ತು ತಲೆಬರಹ ಹಾಕಿ.

ಕೊನೆಗೆ ‘ಸೈನ್ಡ್-ಆಫ್-ಬೈ’ ಸಾಲು. ಇದು ಅಲಂಕಾರವಲ್ಲ. 2004ರಲ್ಲಿ, ಲಿನಕ್ಸ್‌ನಲ್ಲಿ ತನ್ನ ಕೋಡ್ ಇದೆ ಅಂತ ಎಸ್‌ಸಿಒ ಕಂಪನಿ ಹೂಡಿದ ಕಾಪಿರೈಟ್ ವ್ಯಾಜ್ಯದ ಬಿಸಿಯಲ್ಲಿ ಬಂದ ಪದ್ಧತಿ. ‘ಈ ಕೋಡ್ ಕೊಡುವ ಹಕ್ಕು ನನಗಿದೆ’ ಅಂತ ನೀವು ರುಜು ಹಾಕಿದಂತೆ. ಅನಾಮಧೇಯರಾಗಿ ಕಳಿಸುವುದು ಇಲ್ಲಿ ನಡೆಯುವುದಿಲ್ಲ.

ಕಳಿಸುವ ಮುಂಚೆ ಎರಡು ಸ್ಕ್ರಿಪ್ಟ್ ಓಡಿಸಿ. ‘ಚೆಕ್‌ಪ್ಯಾಚ್’ ಶೈಲಿಯ ತಪ್ಪು ಹಿಡಿಯುತ್ತದೆ, ‘ಗೆಟ್-ಮೇಂಟೇನರ್’ ಆ ಭಾಗವನ್ನು ನೋಡಿಕೊಳ್ಳುವ ಮೇಂಟೇನರ್ ಯಾರು, ಯಾರಿಗೆ ಕಳಿಸಬೇಕು ಅಂತ ಹೇಳುತ್ತದೆ. ನೇರವಾಗಿ ಟೋರ್ವಾಲ್ಡ್ಸ್‌ಗೇ ಕಳಿಸುವ ಉತ್ಸಾಹ ಬೇಡ.

ಆಮೇಲೆ ಕಾಯಬೇಕು. ಒಂದು ವಾರವಾದರೂ ಬಾಯಿ ಮುಚ್ಚಿಕೊಂಡಿರಿ. ಹೊಸ ಆವೃತ್ತಿ ಬಿಡುಗಡೆಯಾದ ಕೂಡಲೇ ಮುಂದಿನ ಆವೃತ್ತಿಗೆ ಬದಲಾವಣೆಗಳನ್ನು ಸೇರಿಸಿಕೊಳ್ಳುವ ಎರಡು ವಾರದ ಮರ್ಜ್ ವಿಂಡೋ ತೆರೆಯುತ್ತದೆ. ಆಗ ಮೇಂಟೇನರ್‌ಗಳಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ, ಇನ್ನೂ ಸ್ವಲ್ಪ ತಡೆಯಿರಿ.

ಉತ್ತರ ಬಂದಾಗ ಧಾಟಿ ಒರಟು ಅನ್ನಿಸಬಹುದು. ನಮಸ್ಕಾರ, ಕುಶಲ ಏನೂ ಇಲ್ಲದೆ ‘ಇದು ಯಾಕೆ?’ ಅಂತ ಶುರುವಾಗುತ್ತದೆ. ಬೈದದ್ದಲ್ಲ, ಓದಿದ್ದಾರೆ ಅಷ್ಟೇ. ಅವರ ಮಾತು ಎಲ್ಲಿದೆಯೋ ಅದರ ಕೆಳಗೇ ಉತ್ತರಿಸಿ, ಬೇಡದ್ದನ್ನು ಅಳಿಸಿ. ಎಲ್ಲದರ ಮೇಲೆ ಉತ್ತರ ಹೇರುವ ಆಫೀಸ್ ಅಭ್ಯಾಸ ಇಲ್ಲಿ ಒಗ್ಗುವುದಿಲ್ಲ. ಸಲಹೆ ಒಪ್ಪದಿದ್ದರೆ ಕಾರಣ ಕೊಡಿ, ಕೇಳದ ಹಾಗೆ ಜಾರಿಕೊಳ್ಳಬೇಡಿ.

ತಿದ್ದಿ ಕಳಿಸುವಾಗ ತಲೆಬರಹದಲ್ಲಿ ‘ಪ್ಯಾಚ್ ವಿ2’ (ಎರಡನೇ ಆವೃತ್ತಿ) ಅಂತಿರಲಿ. ಕಳೆದ ಸಲಕ್ಕಿಂತ ಏನು ಬದಲಾಯಿತು ಅನ್ನುವುದನ್ನು ಮೂರು ಅಡ್ಡಗೆರೆಯ (---) ಕೆಳಗೆ ಬರೆಯಿರಿ. ಗೆರೆಯ ಕೆಳಗಿನದು ರಿವ್ಯೂ ಮಾಡುವವರಿಗೆ ಕಾಣುತ್ತದೆ, ಕರ್ನಲ್‌ನ ಇತಿಹಾಸಕ್ಕೆ ಸೇರುವುದಿಲ್ಲ. ನನ್ನದು ವಿ3ರಲ್ಲಿ ಒಳಗೆ ಹೋಯಿತು. ಕೋಡ್‌ನಲ್ಲಿ ಬದಲಾದದ್ದು ಎರಡೇ ಸಾಲು, ಮೆಸೇಜ್ ಮಾತ್ರ ಹನ್ನೊಂದು ಸಾಲಿತ್ತು.